ಪಟ್ಟಿಯಲ್ಲಿ ಯಾರೂ ಇಲ್ಲ

ಹತ್ತು ನಿಮಿಷಕ್ಕೆ ಮಲಗು ಎಂದು ಹೇಳಿಟ್ಟಿದ್ದೇನೆ.
ಮಲಗುತ್ತದೆ, ಪಾಪ, ಹೇಳಿದ ಮಾತು ಕೇಳುವ ಮಗುವಿನ ಹಾಗೆ.
ನಡುರಾತ್ರಿ ಕಳೆದ ಮೇಲೆ
ಧಗ್ಗನೆ ಎದ್ದು ಕೂರುತ್ತದೆ,
ಯಾರೋ ಹೆಸರು ಹಿಡಿದು ಕೂಗಿದಂತೆ.

ಕುತೈಸಿಯ ಈ ಹಳೆಯ ಮರದ ಮಹಡಿಯಲ್ಲಿ
ಒಂದೇ ಕೋಣೆ ನನಗೆ. ಮಂಚ, ಮೇಜು, ಆರು ಅಂಗಡಿಗಳ ಲೆಕ್ಕ.
ಗೋಡೆಗೆ ಮುಖ ಮಾಡಿ ಮಲಗಿದರೆ
ಗೋಡೆಯೇ ನೀಲಿ.
ರೆಪ್ಪೆಯೊಳಗೂ ಸೆಪ್ಟೆಂಬರಿನ ತೆರಿಗೆ.

ಮೊದಲ ರಾತ್ರಿ ಸ್ಕ್ರೀನ್‌ಸೇವರ್ ತೆಗೆದೆ.
ಮಾರನೆಯ ರಾತ್ರಿ ಪ್ರಿಂಟರಿನ ತಂತಿ ಕಿತ್ತೆ.
ಆಮೇಲೆ ಯಾವಾಗ ಏನು ಮಾಡಿದೆನೋ,
ಹೊಸ ಡ್ರೈವರ್ ಹಾಕಿ, ತೆಗೆದು, ಹಳೆಯದನ್ನೇ ಮತ್ತೆ ಹಾಕಿ,
ಒಮ್ಮೆ ಟವೆಲ್ ಹೊದಿಸಿದೆ, ಗಿಳಿಯ ಪಂಜರಕ್ಕೆ ಹೊದಿಸುವಂತೆ.
ಟವೆಲ್ಲಿನ ಹೂವುಗಳೆಲ್ಲ ಬೆಳಗಿದವು.

ಪ್ಲಗ್ ಕೀಳಬಹುದಿತ್ತಲ್ಲ, ಅನ್ನುತ್ತೀರಿ.
ಕೀಳಬಹುದಿತ್ತು. ಆದರೆ ಮೂವತ್ತು ವರ್ಷ
ಒಂದು ಬಿಡಿ ತೆತ್ರಿ ಹೆಚ್ಚಿಗೆ ಬಂದರೂ
ಎಲ್ಲಿಂದ ಬಂತೆಂದು ತಿಳಿಯದೆ ಪುಸ್ತಕ ಮುಚ್ಚಿದವಳಲ್ಲ ನಾನು.

ರಿಪೇರಿಯ ಗೋಚಾ ಹಗಲು ಬಂದ. ಕಪ್ಪು ಕಿಟಕಿಯೊಂದು ತೆರೆದು,
ನಿನ್ನನ್ನು ಎಚ್ಚರವಿಡುತ್ತಿರುವವರು ಯಾರು, ಪಟ್ಟಿ ಕೊಡು, ಎಂದು ಕೇಳಿದ.
ಯಾರೂ ಇಲ್ಲ, ಎಂದಿತು.
ಹಾಡಲ್ಲ, ವಿಡಿಯೋ ಅಲ್ಲ, ಯಾವ ಪ್ರೋಗ್ರಾಮೂ ಅಲ್ಲ.
ಯಾರೂ ಇಲ್ಲ.
"ಹೊಸದು ತಗೊಳ್ಳಿ, ನಾನುಲಿ," ಎಂದು ಚಹಾ ಕುಡಿದು ಹೋದ.

ಆ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ.
ಅದು ಹತ್ತೂವರೆಗೇ ಕಪ್ಪಾಗಿತ್ತು, ಸಂಭಾವಿತನಂತೆ.
ಒಂದು ಗಂಟೆ ಹತ್ತು ನಿಮಿಷ.
ಮೊದಲು ತಿಳಿದದ್ದು ನನ್ನ ಪಾದಕ್ಕೆ:
ನೆಲ ಗುನುಗುತ್ತಿದೆ.
ಕೆಳಗೆ ಓತಿಯಾನ ಬೇಕರಿಯಲ್ಲಿ
ಹಿಟ್ಟು ನಾದುವ ಯಂತ್ರ ತಿರುಗತೊಡಗಿದೆ.
ತೊಲೆಯಿಂದ ಹಲಗೆಗೆ, ಹಲಗೆಯಿಂದ ಮೇಜಿನ ಕುಂಟುಕಾಲಿಗೆ,
ಲೋಟದೊಳಗಿನ ಚಮಚಕ್ಕೆ,
ಮೌಸಿಗೆ.
ಅದರ ಹೊಟ್ಟೆಯಡಿಯ ಕೆಂಪು ಕಣ್ಣು
ಮರದ ಗೆರೆಯೊಂದು ಕೂದಲೆಳೆಯಷ್ಟು ಸರಿದದ್ದು ಕಂಡು
ಕೈ ಬಂತು, ಕೈ ಬಂತು, ಎಂದು ಮೇಲಕ್ಕೆ ಸುದ್ದಿ ಮುಟ್ಟಿಸುತ್ತಿದೆ.

ಬೆಟ್ಟವನ್ನೇ ಅಗೆದಿದ್ದೆ. ಸಿಕ್ಕಿದ್ದು ಇಲಿಯೇ.
ನಕ್ಕೆ, ಒಬ್ಬಳೇ, ರಾತ್ರಿ ಒಂದೂಕಾಲಿಗೆ.
ಜೀರುಂಡೆಯನ್ನು ಕೆಡವಿದ ಹಾಗೆ ಅದನ್ನು ಅಂಗಾತ ಮಾಡಿದೆ.
ಹತ್ತು ನಿಮಿಷ. ಪರದೆ ಮಲಗಿತು,
ಹಿಂದೆಯೇ ನಾನು.

ಬೆಳಿಗ್ಗೆ ಬಾಗಿಲು ಬಡಿದವಳು ಲಮಾರಾ, ಓತಿಯಾನ ಅಕ್ಕ,
ಅಟ್ಟದ ಕೋಣೆಯವಳು, ಮೂರಕ್ಕೆ ಇಳಿದು
ಒಲೆಯ ಒಳಗೋಡೆಗೆ ರೊಟ್ಟಿ ಬಡಿಯುವವಳು.
ಮೊಣಕೈ ತರಚಿತ್ತು. ಬಗಲಲ್ಲಿ ಬಿಸಿ ಶೋತಿ,
ಪುಟ್ಟ ದೋಣಿಯಂಥದ್ದು, ಕಾಗದದಲ್ಲಿ ಸುತ್ತಿ.
"ಹುಷಾರಿದ್ದೀಯ ತಾನೇ? ನಿನ್ನ ಕಿಟಕಿ ಕತ್ತಲಾಗಿತ್ತು.
ಮೆಟ್ಟಿಲು ಹದಿನಾರು ಅಂದುಕೊಂಡಿದ್ದೆ ಇಷ್ಟು ದಿನ.
ಹದಿನೇಳು."

ಅಂಗಳದ ಮೆಟ್ಟಿಲಿನ ಬಲ್ಬು ಹೋಗಿ ಎರಡು ವರ್ಷ.
ಅದು ಯಾರ ಖರ್ಚು ಎಂಬ ಜಗಳಕ್ಕೂ ಎರಡು ವರ್ಷ.
ಕೆಳಗೆ ತಮ್ಮ ಹಿಟ್ಟು ತಿರುಗಿಸಿದರೆ
ಮೇಲೆ ಅಕ್ಕನಿಗೆ ದಾರಿ ಕಾಣುತ್ತಿತ್ತು,
ನಡುವೆ ಮಲಗಿ ನಾನು ಶಪಿಸುತ್ತಿದ್ದೆ.

ರೊಟ್ಟಿ ಮುರಿದುಕೊಂಡು ತಿಂದೆವು, ಉಪ್ಪಿನ ಗಿಣ್ಣಿನ ಜೊತೆ.
ಮಧ್ಯಾಹ್ನ ಬಲ್ಬು ತಂದೆ. ಏಣಿ ಹಿಡಿದವನು ಓತಿಯಾ.
ಖರ್ಚನ್ನು ಯಾವ ಅಂಗಡಿಯ ಪುಸ್ತಕಕ್ಕೂ ಹಚ್ಚಲಿಲ್ಲ.

ಪರದೆ ಈಗ ಹೇಳಿದ ಹೊತ್ತಿಗೆ ಮಲಗಿ
ಬೆಳಗಿನ ತನಕ ಮಲಗಿರುತ್ತದೆ.
ನನಗೇ ಎಚ್ಚರವಾಗುತ್ತದೆ, ಸರಿಯಾಗಿ ಮೂರಕ್ಕೆ.
ಕತ್ತಲಲ್ಲಿ ಕಿವಿಯಿಟ್ಟು ಎಣಿಸುತ್ತೇನೆ,
ಹನ್ನೆರಡು, ಹದಿಮೂರು,
ಹದಿನಾರಕ್ಕೆ ಉಸಿರು ಬಿಗಿಹಿಡಿಯುತ್ತೇನೆ.