ಡೀಸೆಲ್ ಇಂಡೆಂಟು

ಮಲ್ಪೆ ದಕ್ಕೆಯ ತುದಿಗೆ ಕಟ್ಟಿಹಾಕಿದ ನಮ್ಮ ಇಲಾಖೆಯ ದೋಣಿಗೆ
ಈ ವರ್ಷ ಎರಡು ಸಲ ಬಣ್ಣ ಬಳಿದಾಯಿತು.
ಬಣ್ಣದ ಲೆಕ್ಕ ಬೇರೆ, ಡೀಸೆಲ್ಲಿನ ಲೆಕ್ಕ ಬೇರೆ.
ಅದರಲ್ಲಿ ಉಳಿದದ್ದನ್ನು ಇದಕ್ಕೆ ಸುರಿಯುವ ಹಾಗಿಲ್ಲ.
ಕಡಲಿಗೆ ಈ ನಿಯಮ ಗೊತ್ತಿಲ್ಲ.

ನಾನು ಠಾಣೆಯ ರೈಟರ್, ವಾಮನ ತಿಂಗಳಾಯ.
ಮುನ್ನೂರು ಲೀಟರ್ ಬರೆಯುತ್ತೇನೆ, ನಲವತ್ತು ಬರುತ್ತದೆ.
ನಲವತ್ತರಲ್ಲಿ ದ್ವೀಪ ದಾಟಬಹುದು,
ವಾಪಸು ಬರುವುದು
ಗಾಳಿಯ ಮರ್ಜಿ.

ಯಮನಪ್ಪ ಬೀಳಗಿ ಕಡೆಯವನು.
ಕಡಲು ಕಾಯಲು ಬಂದ ಹುಡುಗ, ಈಜು ಬಾರದು.
ಈಜು ಕಲಿಸಲೆಂದು ಅನುದಾನ ಬಂತು ಮಾರ್ಚ್ ಇಪ್ಪತ್ತೊಂಬತ್ತಕ್ಕೆ,
ಮೂವತ್ತೊಂದಕ್ಕೆ ತಿರುಗಿ ಹೋಯಿತು.
ಇಳಿತದ ಹೊತ್ತು ನಾನೇ ಅವನ ಬೆನ್ನಿನಡಿ ಅಂಗೈ ಕೊಟ್ಟು
'ಒದೆಯಬೇಡ ಮಾರಾಯ, ನೀರನ್ನು ನಂಬು' ಅಂದೆ.
'ಹೆಂಗ ನಂಬೂದ್ರಿ ಸರ,
ಇಲ್ಲಿ ನೀರೂ ಉಪ್ಪು' ಅಂದ, ಕೆಮ್ಮಿ ಕೆಮ್ಮಿ.

ರಾತ್ರಿ ಎರಡರ ಮೇಲೆ ದೀಪವಿಲ್ಲದ ದೋಣಿಗಳು ಹೋಗುತ್ತವೆ.
ಇಂಜಿನ್ನಿನ ಸದ್ದು ಕೇಳಿಯೇ ಯಾರದೆಂದು
ಮೀನು ಹೆಕ್ಕುವ ಹೆಂಗಸರೂ ಹೇಳಿಯಾರು.
ಪಾಸ್‌ಬುಕ್ಕು ಬಡವರದ್ದು,
ಅದರ ಡೀಸೆಲ್ಲು ಐಸ್ ಪ್ಲಾಂಟಿನ ಸಂಕಪ್ಪಣ್ಣನದ್ದು.

ಒಂದು ಬೆಳಿಗ್ಗೆ ದಕ್ಕೆಯ ಮೇಲೆ ಹತ್ತು ಕ್ಯಾನು, ಸಾಲಾಗಿ.
ತಂದ ಹುಡುಗ ಬಾಯಿಪಾಠ ಒಪ್ಪಿಸಿದ:
'ಬಿಲ್ಲು ಬೇಡವಂತೆ. ಸರಕಾರದ ದೋಣಿ ನಿಂತಿರುವುದು ಅಣ್ಣನಿಗೆ ಬೇಸರವಂತೆ.
ಹೊರಡುವ ಮೊದಲು ಯಾವ ದಿಕ್ಕಿಗೆ ಅಂತ
ಒಂದು ಫೋನು ಮಾಡಿದರೆ ಸಾಕಂತೆ.'

ಮರುದಿನವೇ ಸುಧಾರಣಾ ಸಮಿತಿಯ ಭೇಟಿ.
ಸಾಹೇಬರಿಗೆ ಒಂದು ಸುತ್ತು ಹೋಗಿಬರುವ ಆಸೆ.
ಇನ್ಸ್‌ಪೆಕ್ಟರ್ ನನ್ನನ್ನು ನೋಡಿದರು, ಕ್ಯಾನು ನೋಡಿದರು,
ಮತ್ತೆ ನನ್ನನ್ನು.
ನಾನು ರಿಜಿಸ್ಟರ್ ಬಿಡಿಸಿದ್ದೆ. ಶಾಯಿ ಒಣಗಿಯೂ ಆಗಿತ್ತು:
ಮುದ್ದೇಮಾಲು. ಡೀಸೆಲ್, ಇನ್ನೂರು ಲೀಟರ್. ಕ್ಯಾನು ಹತ್ತು.
ತಂದುಕೊಟ್ಟವನ ಹೆಸರು, ಕಳಿಸಿದವನ ಹೆಸರು.
ಅರಗಿನ ಮುದ್ರೆ ಒತ್ತುವಾಗ ಬೆರಳು ಸುಟ್ಟಿತ್ತು,
ಅದನ್ನು ಬರೆಯುವ ಕಾಲಂ ಇರಲಿಲ್ಲ.

ಸಮಿತಿಯವರು ಕಟ್ಟಿದ ದೋಣಿಯಲ್ಲೇ ನಿಂತು ಫೋಟೋ ತೆಗೆಸಿಕೊಂಡರು.
ಬಣ್ಣ ಚೆನ್ನಾಗಿದೆ ಅಂದರು.
ಬಂಗುಡೆ ಗಸಿ ಬಹಳ ಇಷ್ಟವಾಯಿತಂತೆ.

ಹನ್ನೊಂದನೇ ದಿನ ನನ್ನ ವರ್ಗಾವಣೆ ಬಂತು.
ಆ ಕಾಗದಕ್ಕೆ ಮಾತ್ರ ಯಾವ ಲೆಕ್ಕದಲ್ಲೂ ಕೊರತೆಯಿಲ್ಲ.
ಈಗಲೂ ಆ ಡೀಸೆಲ್ಲು ಲಾಕಪ್ಪಿನ ಪಕ್ಕದ ಕೋಣೆಯಲ್ಲಿ
ವಾಸನೆ ಹೊಡೆಯುತ್ತ ಕೇಸು ಕಾಯುತ್ತಿದೆ,
ದೋಣಿ ಹೊರಗೆ ಖಾಲಿ ಹೊಟ್ಟೆಯಲ್ಲಿ.

ಹೊರಡುವ ಸಂಜೆ ಕೊನೆಯ ಇಂಡೆಂಟು ಬರೆದೆ. ಮುನ್ನೂರು.
ಆಮೇಲೆ ದಂಡೆಗೆ ಹೋದರೆ
ಯಮನಪ್ಪ ಅಂಗಾತ ತೇಲುತ್ತಿದ್ದ, ಕಣ್ಣು ಗಟ್ಟಿಯಾಗಿ ಮುಚ್ಚಿ.
ಅವನ ಬೆನ್ನಿನಡಿ
ಯಾರ ಕೈಯೂ ಇರಲಿಲ್ಲ.
ಹೇಳಲಿಲ್ಲ ನಾನು. ಹೇಳಿದರೆ ಮುಳುಗಿಯಾನು.