ಧ್ವನಿ ಪರೀಕ್ಷೆ

ರಬಕವಿಯಲ್ಲಿ ನನ್ನದು ಮದುವೆ ಶೂಟಿಂಗಿನ ಅಂಗಡಿ.
ಪರದೇಶಿ ಟಿವಿಯವರ ಸೌಂಡಿನ ಹುಡುಗನಿಗೆ ವಾಂತಿಭೇದಿ ಹತ್ತಿ
ನನ್ನನ್ನು ಕರೆಸಿದರು ಜಮಖಂಡಿಯ ಐಬಿಗೆ,
ಬಾಯ್ಲರು ಒಡೆದ ಐದನೇ ದಿನ.
ಕಿಟಕಿ ಮುಚ್ಚಿದ್ದರೂ ಒಳಗೆಲ್ಲ ಸುಟ್ಟ ಕಾಕಂಬಿಯ ವಾಸನೆ.

ದಿಲ್ಲಿಯ ಮಂತ್ರಿ ಬಂದು ಕೂತರು.
ಅಂಗಿಯ ಎರಡನೇ ಗುಂಡಿಗೆ ಮೈಕು ಸಿಗಿಸಿ
ನನ್ನ ಹರಕು ಹಿಂದಿಯಲ್ಲಿ, ಮದುಮಗನಿಗೆ ಹೇಳುವ ಹಾಗೇ ಹೇಳಿದೆ:
ಒಂದು ಎರಡು ಎಣಿಸ್ರಿ ಸಾಹೇಬ್ರ, ದನಿ ನೋಡತೇನಿ.

ಐದಕ್ಕೇ ಸಾಕಾಗಿತ್ತು. ಹೆಬ್ಬೆರಳು ಎತ್ತಿದೆ.
ಅವರು ನೋಡಲಿಲ್ಲ.
ಕಣ್ಣು ಟೀಪಾಯಿಯ ಗಾಜಿನ ಮೇಲಿಟ್ಟು
ಹನ್ನೊಂದು ದಾಟಿದರು, ಹದಿನಾಲ್ಕು, ಹದಿನೈದು,
ದನಿ ಸಣ್ಣಗಾಗುತ್ತ ಹೋಗಿ
ಹತ್ತೊಂಬತ್ತಕ್ಕೆ ನಿಂತರು.
ಉಗುಳು ನುಂಗಿದ್ದು ನನ್ನ ಕಿವಿಗಷ್ಟೇ ಕೇಳಿತು.

ಆಮೇಲೆ ಕೆಂಪು ದೀಪ.
ಆ ಹೆಣ್ಣುಮಗಳು ಬಿಡಲಿಲ್ಲ ನೋಡ್ರಿ, ಅದೇ ಪ್ರಶ್ನೆ ನಾಕು ಸಲ:
ಸತ್ತವರು ಎಷ್ಟು?
ತನಿಖೆ ನಡೆದಿದೆ, ಅಂದರು.
ಹನ್ನೊಂದು, ಅಂದರು.
ನಿಮ್ಮ ದೇಶದ ಗಣಿ ಕುಸಿದಾಗ ಯಾರನ್ನು ಕೇಳಿದಿರಿ, ಅಂದರು.
ಅದೂ ಒಳ್ಳೇ ಪ್ರಶ್ನೆಯೇ.
ಮೀಟರಿನ ಮುಳ್ಳು ಹಸಿರಿನಲ್ಲೇ ಇತ್ತು, ಕೂದಲೆಳೆಯಷ್ಟೂ ನಡುಗದೆ.

ಆ ಹನ್ನೊಂದರಲ್ಲಿ ದಸ್ತಗೀರ ಜಮಾದಾರ ಇಲ್ಲ.
ಗುತ್ತಿಗೆಯವ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ.
ಅವನ ನಿಕಾದ ಪೆನ್‌ಡ್ರೈವ್ ನನ್ನ ಡ್ರಾವರಿನಲ್ಲೇ ಇದೆ,
ಎರಡು ಸಾವಿರ ಬಾಕಿ ಇತ್ತು, ಹಟ ಹಿಡಿದು ಕೊಟ್ಟಿರಲಿಲ್ಲ ನಾನು.

ಮಂತ್ರಿ ಎಣಿಸಿದ್ದು ಎಲ್ಲೂ ಇಲ್ಲ,
ರೆಕಾರ್ಡ್ ಒತ್ತುವ ಮುಂಚಿನದು.

ಈಗ ಮದುವೆಗಳಲ್ಲಿ ಮೈಕು ಕೈಗೆ ಕೊಟ್ಟು
ಎಣಿಸ್ರಿ ಅನ್ನೋದಿಲ್ಲ.
ಊಟಕ್ಕ ಏನ್ ಮಾಡಿಸೀರಿ, ಅಂತ ಕೇಳತೇನಿ.