ಒಬ್ಬಾಕಿ

ಮುಂಜಾನಿ ಆರಕ್ಕ ಬಾಗಲಾ ತಗೀತಾರ.
ಅದಕೂ ಮೊದಲ ನನ್ನ ಕಸಬರಗಿ ಒಳಗ ಹೋಗಿರತೈತಿ.
ಪಾರಿವಾಳದ ಹಿಕ್ಕಿ,
ನಿನ್ನಿ ಸಾಲಿ ಹುಡುಗೂರು ಒಗದ ಶೇಂಗಾ ಸಿಪ್ಪಿ,
ಯಾರದೋ ಒಂಟಿ ಕಿವಿಯೋಲೆ.
ಗೋಳಗುಂಬಜದಾಗ ಬಿದ್ದದ್ದು ಸಣ್ಣದಿದ್ರೂ
ಸಪ್ಪಳ ಸಣ್ಣದಲ್ಲ.

ಆವತ್ತು ಆಕೀನ ಮೊದಲ ಬಂದ್ಳು.
ಟಿಕೀಟಿನ ಗುರುಪಾದ ಕಿಡಕಿಯಾಗಿಂದ ಕೇಳಿದ,
"ಎಷ್ಟ ಮಂದಿ?"
ಆಕಿ ಒಂದ ಬೊಟ್ಟು ಎತ್ತಿದ್ಳು.
ಗುರುಪಾದ ಆಕಿ ಬೆನ್ನ ಹಿಂದ ನೋಡಿದ,
ಗಂಡ, ಗೆಳತಿ, ಗೈಡು, ಯಾರರೆ ಇರಬೇಕಲ್ಲ.
ಹುಲ್ಲಿಗೆ ನೀರ ಬಿಡೋ ಪೈಪಷ್ಟ ಇತ್ತು.

ನನ್ನಷ್ಟ ವಯಸ್ಸು, ಐವತ್ತರ ಆಚೀಚಿ.
ಬಿಸಿಲಿಗೆ ಮೂಗು ಗಜ್ಜರಿ ಆಗಿತ್ತು.
ಹೆಗಲಿಗೊಂದು ಚೀಲ, ಚೀಲಕ್ಕೊಂದು ಕೀಲಿ,
ಮಡಚಿ ಮಡಚಿ ಹರಿದ ನಕಾಶ.
ಮೂರ ದಿನದಿಂದ ಊರಾಗೆಲ್ಲ ಆಕೀದ ಸುದ್ದಿ:
ಬಾರಾಕಮಾನಿನಾಗ ಕುಂತು ಪೇರಲ ತಿಂತಿದ್ಳಂತ,
ತೋಪಿನ ಬಾಯಾಗ ಇಣಕಿ ನೋಡಿ ನಕ್ಕಳಂತ.
ಟಾಂಗಾದ ದಸ್ತಗೀರ ಹೇಳತಿದ್ದ,
"ಎಲ್ಲಾರೂ ಕುದರಿ ಜೋಡಿ ಫೋಟೋ ತಗಸ್ಕೋತಾರ,
ಈಕಿ ಕುದರಿ ಹೆಸರು ಕೇಳಿದ್ಳು.
ಹೆಸರ ಇಟ್ಟಿರಲಿಲ್ಲ ಕಾಶಿಬಾಯಿ,
ನಿಂತ ಜಾಗಾದಾಗ ಒಂದು ಇಟ್ಟೆ."

"ಒಬ್ಬಾಕೀನ ತಿರಗತಾಳ, ಯಾರೂ ಇಲ್ಲೇನ, ಪಾಪ,"
ಅಂದ್ಳು ಚಾದಂಗಡಿ ಸುಗಲವ್ವ.
ಪಾಪ ಅನ್ನೂದು ಎಷ್ಟ ಸಲೀಸ ನಮಗ.

ಇಕ್ಕಟ್ಟ ಮೆಟ್ಟಲ, ಒಬ್ಬರ ಹಿಂದ ಒಬ್ಬರು ಹತ್ತಬೇಕು.
ಹಂಗ ನೋಡಿದ್ರ ಅಲ್ಲಿ ಎಲ್ಲಾರೂ ಒಬ್ಬೊಬ್ಬರ.
ಮ್ಯಾಲೆ, ಈ ದಂಡಿಗೆ ಗ್ವಾಡಿಗೆ ತುಟಿ ಹಚ್ಚಿ ಅಂದದ್ದು
ನಡುವಿನ ಬಯಲ ದಾಟಿ
ಆ ದಂಡಿಯ ಕಿವಿಗೆ ಮುಟ್ಟತೈತಿ.
ಹತ್ತೊಂಬತ್ತು ವರ್ಷ ಕಸಾ ಹೊಡಕೋತ ಕೇಳೀನಿ:
ಹೊಸಾ ಜೋಡಿಗಳ ಹೆಸರು,
ಸಿಳ್ಳಿ, ನಾಯಿ ಕೂಗು, ಬೈಗಳ,
ಒಮ್ಮೆ ಒಬ್ಬ ಮುದುಕ ಬರೇ ಕೆಮ್ಮಿದ್ದು.
ಗುಂಬಜ ಅದನ್ನೂ ಬಿಡಲಿಲ್ಲ, ಏಳ ಸಲ ಕೆಮ್ಮಿತು.

ಆಕಿ ಗ್ವಾಡಿಗೆ ಬಾಯಿ ಹಚ್ಚಿ ಏನೋ ಅಂದ್ಳು.
ಆಮ್ಯಾಲೆ ಕಿವಿ ಹಚ್ಚಿದ್ಳು.
ಆಚಿ ದಂಡಿಗೆ ಯಾರೂ ಇರಲಿಲ್ಲ.
ಆಕಿ ಮಾತು ಆಕಿಗೇ ಹೊಳ್ಳಿ ಬಂತು,
ಚಿಲ್ಲರ ಎಣಿಸಿ ಕೊಟ್ಟಂಗ.

ನನಗೇನಾತೋ.
ಕಸಬರಗಿ ಆನಿಸಿಟ್ಟು ಸುತ್ತು ಹಾಕಿ ಹೋದೆ,
ಇಷ್ಟ ವರ್ಷ ಒಮ್ಮೆಯೂ ಮಾತಾಡಿಸದ ಗ್ವಾಡಿಗೆ
ತುಟಿ ಹಚ್ಚಿದೆ. ತಣ್ಣಗಿತ್ತು.
ಏನನ್ನಬೇಕು ತಿಳೀಲಿಲ್ಲ. ಬಾಯಿಗೆ ಬಂದದ್ದು,
"ನಾಷ್ಟಾ ಆತೇನ್ರಿ?"

ಬೆಚ್ಚಿದ್ಳು. ಇತ್ತ ನೋಡಿದ್ಳು, ಅತ್ತ ನೋಡಿದ್ಳು.
ದೂರದಾಗ ನಾ, ಸೆರಗ ಸೊಂಟಕ್ಕ ಸಿಗಿಸಿದಾಕಿ,
ಕಡ್ಡಿಪೆಟಗಿಯಷ್ಟ ಕಂಡಿರಬೇಕು.
ಮತ್ತ ಗ್ವಾಡಿಗೆ ಬಗ್ಗಿದ್ಳು.
ಬಂತು, ಆಕಿ ದೇಶದ ಮಾತು, ಉದ್ದಕ,
ನಡುವ ಉಸುರು, ನಡುವ ಒಂದ ನಗಿ.
ಒಂದಕ್ಷರ ತಿಳೀಲಿಲ್ಲ ಖರೆ,
"ಆತ್ರಿ, ನಿಮ್ಮದು?" ಅಂದಂಗಿತ್ತು.
"ಇನ್ನೂ ಇಲ್ಲ" ಅಂದೆ.
ಮಣಕಾಲ ಬ್ಯಾನಿ ಹೇಳಿದೆ, ಮಗಳ ಸುದ್ದಿ ಹೇಳಿದೆ,
ಊರಿನ ಆ ತುದಿಗೆ ಇಬ್ರಾಹಿಂ ರೋಜಾ ಐತಿ,
ಇಲ್ಲೇ ಹುಟ್ಟಿ ಇಲ್ಲೇ ಮುದುಕಿ ಆದ್ರೂ
ಒಳಗ ಕಾಲಿಟ್ಟಿಲ್ಲಂತ
ಯಾರಿಗೂ ಹೇಳದ್ದು ಹೇಳಿಬಿಟ್ಟೆ.
ಅಷ್ಟೊತ್ತಿಗೆ ಸಾಲಿ ಮಂದಿ ಬಂತು, ಸಿಳ್ಳಿ ಸುರುವಾತು.

ಇಳಿಯೂ ಮುಂದ ಅರ್ಧ ಪೇರಲ ಕೊಟ್ಟಳು, ಉಪ್ಪುಖಾರ ಹಚ್ಚಿದ್ದು.
ಹೆಸರು ಆಕಿ ಕೇಳಲಿಲ್ಲ, ನಾನೂ ಕೇಳಲಿಲ್ಲ.
ಕುದರಿಗಿದ್ದ ನಸೀಬ ನಮಗಿರಲಿಲ್ಲ.

ಮುಂದಿನ ವಾರ ರಜಾ ಕೇಳಿದೆ.
"ಯಾರ ಮದವಿ?" ಅಂದ ಮುಕಾದಮ.
"ಯಾರದೂ ಅಲ್ರಿ."
ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟಗೊಂಡು
ನಡಕೋತ ಹೋದೆ. ನನ್ನ ಊರಾಗ ನಾನ ದಾರಿ ಕೇಳಿದೆ,
ಎರಡ ಸಲ.
ಕಿಡಕಿಯಾಗ ಗುರತಿಲ್ಲದ ಹುಡುಗ, ಮೊಬೈಲಿಂದ ಕಣ್ಣ ಎತ್ತಲಾರದ
"ಎಷ್ಟ ಮಂದಿ?" ಅಂದ.
ಬೊಟ್ಟು ಎತ್ತಿದೆ. ನೋಡಲಿಲ್ಲ.
ಬಾಯಿಬಿಟ್ಟು ಹೇಳಬೇಕಾತು.

ಕಲ್ಲಿನ ಜಾಳಿಗಿಯಾಗ ಅಕ್ಷರ ಕೆತ್ಯಾರ.
ನನಗ ಓದಾಕ ಬರೂದಿಲ್ಲ, ಬಿಸಿಲಿಗೆ ಬರತೈತಿ,
ನೆಲದ ಮ್ಯಾಲೆ ಸಾವಕಾಶ ಓದಕೋತ ಹೊಂಟಿತ್ತು.
ಗ್ವಾಡಿಗೆ ತುಟಿ ಹಚ್ಚಿ ಕೇಳಿದೆ.
ಈ ಗ್ವಾಡಿ ಸುಮ್ಮನಿತ್ತು. ಛಲೋ ಆತು.

ಹೊರಗ ನೆರಳಿಗೆ ಕುಂತು ಗಂಟ ಬಿಚ್ಚಿದೆ.
ಕಟ್ಟಿ ಮ್ಯಾಲೆ ಯಾರೋ ಒಗದ ಕುರಕುರಿ ಚೀಟಿ,
ಒಣ ಎಲಿ, ಬೀಡಿ ತುಂಡು.
ಕೈ ತಾನಾಗೇ ಮುಂದ ಹೋತು.
ಹಿಂದಕ್ಕ ಎಳಕೊಂಡೆ.
ಬಿದ್ದರ ಬೀಳಲಿ,
ಇವತ್ತ ನಾ ನೋಡಾಕ ಬಂದಾಕಿ.